ಕಾರಿನಲ್ಲಿ ಹೋಗಿ ವಾರಾಂತ್ಯ ಕ್ಯಾಂಪಿಂಗ್: ನಾಲ್ಕು ಜನಕ್ಕೆ ಎಂಥ ಟೆಂಟ್ ತಗೋಬೇಕು?

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ಟೆಂಟ್ ಕೊಳ್ಳುವ ವಿಚಾರದಲ್ಲಿ ತಿಳಿದವರ ಸಲಹೆ ಬೇಕು.

ನಾವಿಬ್ಬರು, ಮಕ್ಕಳಿಬ್ಬರು (9 ಮತ್ತು 5 ವರ್ಷ). ಊರು ದಾವಣಗೆರೆ, ಕಾರು ವ್ಯಾಗನ್-ಆರ್. ಶನಿವಾರ ಮಧ್ಯಾಹ್ನ ಹೊರಟು ಕತ್ತಲಾಗುವುದರೊಳಗೆ ಟೆಂಟ್ ಹಾಕಿ, ಭಾನುವಾರ ಬೆಳಿಗ್ಗೆ ಬಿಚ್ಚಿಕೊಂಡು ಬರುವ ಲೆಕ್ಕ. ಹೋಗುವುದು ಹೆಚ್ಚಾಗಿ ಚಿಕ್ಕಮಗಳೂರು, ಕೊಪ್ಪದ ಕಡೆಯ ಎಸ್ಟೇಟ್ ಹೋಂಸ್ಟೇಗಳಿಗೆ, ಆಗಾಗ ದಾಂಡೇಲಿ ಕಡೆಗೆ, ವರ್ಷಕ್ಕೊಂದೆರಡು ಸಲ ಕರಾವಳಿಗೆ. ಮಳೆಗಾಲದಲ್ಲಿ ಹೋಗುವುದಿಲ್ಲ. ಆದರೆ ಅಕ್ಟೋಬರಿನ ಮಳೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಯಾವಾಗ ಬೇಕಾದರೂ ಹಿಡಿದುಕೊಳ್ಳಬಹುದು.

ಟೆಂಟಿಗೆ ಮಾತ್ರ 12 ಸಾವಿರದವರೆಗೆ ಹಾಕಬಲ್ಲೆ. ಹೊತ್ತುಕೊಂಡು ನಡೆಯುವುದಿಲ್ಲವಾದ್ದರಿಂದ ತೂಕದ ಚಿಂತೆಯಿಲ್ಲ, ಡಿಕ್ಕಿಯಲ್ಲಿ ಹಿಡಿಸಿದರೆ ಸಾಕು. ಗೊಂದಲ ಇರುವುದು ಮೂರು ವಿಷಯಕ್ಕೆ. ಗುಮ್ಮಟದ ಹಾಗಿರುವ ಡೋಮ್ ತಗೊಳ್ಳುವುದೋ, ಒಳಗೆ ನಿಂತುಕೊಳ್ಳಬಹುದಾದ ಉದ್ದನೆಯ ಟನಲ್ ತಗೊಳ್ಳುವುದೋ? "4 ಜನರ ಟೆಂಟ್" ಅಂತ ಬರೆದಿದ್ದರೆ ನಿಜಕ್ಕೂ ನಾಲ್ಕು ಜನ ಮಲಗಬಹುದೇ? ಒಂದರ ಮೇಲೆ 2000 ಮಿ.ಮೀ. ಅಂತಲೂ ಇನ್ನೊಂದರ ಮೇಲೆ 3000 ಮಿ.ಮೀ. ಅಂತಲೂ ಇದೆ, ಯಾವುದು ಸಾಕು?

ಜಂಬಿಟ್ಟಿಗೆ:

ಮೊದಲು ನೆಲ ನೋಡಿ, ಆಮೇಲೆ ಟೆಂಟ್ ನೋಡಿ. ನೀವು ಹೇಳಿದ ಜಾಗಗಳಲ್ಲಿ ಗೂಟ ಇಳಿಯದ ನೆಲವೇ ಹೆಚ್ಚು. ಎಸ್ಟೇಟುಗಳಲ್ಲಿ ಟೆಂಟ್ ಹಾಕಿಕೊಳ್ಳಿ ಅಂತ ಎಷ್ಟೋ ಕಡೆ ತೋರಿಸುವುದು ಕಾಫಿ ಕಣವನ್ನು, ಅಂದರೆ ಸಿಮೆಂಟ್ ನೆಲವನ್ನು. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ ಹರವಿರುತ್ತಾರೆ, ಆಗ ಅಂಗಳದ ಗಟ್ಟಿ ಕೆಂಪುಮಣ್ಣೇ ಗತಿ. ಕೊಪ್ಪ, ತೀರ್ಥಹಳ್ಳಿ ಕಡೆ ಅನೇಕ ಕಡೆಗಳಲ್ಲಿ ನಾಲ್ಕು ಬೆರಳು ಮಣ್ಣಿನ ಕೆಳಗೇ ಜಂಬಿಟ್ಟಿಗೆ ಕಲ್ಲು ಸಿಗುತ್ತದೆ; ಟೆಂಟಿನ ಜೊತೆ ಬರುವ ತೆಳು ತಂತಿಯ ಗೂಟ ಅಲ್ಲಿ ಎರಡನೇ ಏಟಿಗೇ ಬಾಗುತ್ತದೆ.

ಟನಲ್ ಟೆಂಟಿನ ಕಮಾನುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಅವನ್ನು ನಿಲ್ಲಿಸುವುದೇ ಎರಡೂ ತುದಿಯ ಗೂಟಗಳ ಎಳೆತ. ಗೂಟ ಹಿಡಿಯದಿದ್ದರೆ ಟೆಂಟೇ ಇಲ್ಲ. ಡೋಮಿನಲ್ಲಿ ಎರಡು ಪೋಲುಗಳು ಒಂದನ್ನೊಂದು ಅಡ್ಡ ಹಾಯ್ದು ತಾವಾಗಿಯೇ ನಿಲ್ಲುತ್ತವೆ, ಕಣದ ಮೇಲೂ ಬಂಡೆಯ ಮೇಲೂ ನಿಲ್ಲುತ್ತವೆ. ನಿಮಗೆ ಡೋಮ್ ಸರಿ ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು. ಹಾಗಂತ ತಾನಾಗಿ ನಿಂತ ಡೋಮ್ ಗಾಳಿಗೆ ಅಲುಗುವುದಿಲ್ಲ ಅಂತಲ್ಲ. ಒಳಗೆ ಯಾರೂ ಇಲ್ಲದಾಗ ಒಂದು ಬೀಸುಗಾಳಿ ಬಂದರೆ ಉರುಳಿಕೊಂಡು ಹೋಗುತ್ತದೆ. ಸಿಮೆಂಟ್ ನೆಲದ ಮೇಲೆ ನಾಲ್ಕು ಮೂಲೆಗೂ ಭಾರ ಬೇಕು: ತುಂಬಿದ 20 ಲೀಟರಿನ ನೀರಿನ ಕ್ಯಾನ್ ಒಂದಕ್ಕೆ 20 ಕಿಲೋ ಮೇಲಾಗುತ್ತದೆ, ಅದರ ಹಿಡಿಗೆ ಹಗ್ಗ ಕಟ್ಟಿ. ಒಂದು ಬದಿಯ ಹಗ್ಗವನ್ನು ಕಾರಿನ ಚಕ್ರಕ್ಕೆ ಕಟ್ಟಬಹುದು. ಹಾಗೆ ಕಟ್ಟಿದರೆ ಸ್ಟೀರಿಂಗ್ ಮೇಲೆ ಒಂದು ಬಟ್ಟೆ ಸುತ್ತಿಡಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಗಾಡಿ ತೆಗೆಯುವವರಿಗೆ ಹಗ್ಗ ಕಾಣುವುದಿಲ್ಲ.

ಇನ್ನು ಜನರ ಲೆಕ್ಕ. ಕಂಪನಿಗಳು ಒಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಹಿಡಿಯುತ್ತವೆ. ಅದು ಅಲುಗದೆ ಮಲಗುವವರ ಅಗಲ. ದೊಡ್ಡವರಿಗೆ 70, ಮಕ್ಕಳಿಗೆ 50 ಇಟ್ಟರೆ ನಿಮಗೆ ಬೇಕಾದದ್ದು ಸರಿಯಾಗಿ 240 ಸೆಂ.ಮೀ. ಅಗಲ. ಉದ್ದ 210 ಅಂತ ಇದ್ದರೂ ಡೋಮಿನ ಗೋಡೆ ಒಳಕ್ಕೆ ಬಾಗಿರುವುದರಿಂದ ತಲೆಯ ಕಡೆಯೂ ಕಾಲಿನ ಕಡೆಯೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಐದೂಮುಕ್ಕಾಲು ಅಡಿ ಎತ್ತರದವರು ದಿಂಬಿಟ್ಟು ಮಲಗಿದರೆ ಪಾದ ಬಟ್ಟೆಗೆ ತಾಗುವುದಕ್ಕೆ ಸ್ವಲ್ಪವೇ ಬಾಕಿ. ಆದ್ದರಿಂದ ಒಳಕೋಣೆ 240 × 210ಕ್ಕಿಂತ ಕಡಿಮೆ ಇರುವುದನ್ನು ನೋಡಲೇಬೇಡಿ. 4 ಜನರದು ಅಂತ ಹೆಸರಿದ್ದೂ 210 × 210 ಇರುವ ಟೆಂಟುಗಳು ಬೇಕಾದಷ್ಟಿವೆ. ಅವು ಇಬ್ಬರು ದೊಡ್ಡವರಿಗೂ ಒಂದು ಮಗುವಿಗೂ ಸರಿ. ಮಕ್ಕಳು ಬೆಳೆಯುತ್ತಾರೆ ಅನ್ನುವುದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ, ಐದಾರು ಜನರದು ಬಜೆಟ್ಟಿನಲ್ಲಿ ಸಿಕ್ಕರೆ ಬಿಡಬೇಡಿ.

ಮಿ.ಮೀ. ಲೆಕ್ಕ ಇಷ್ಟೇ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಅದು ತಡೆಯುತ್ತದೆ ಅನ್ನುವ ಅಳತೆ ಅದು. 10,000 ಮಿ.ಮೀ. ನೀರು ಅಂದರೆ ಒಂದು ಚದರ ಸೆಂ.ಮೀ.ಗೆ 1 ಕಿಲೋ ಒತ್ತಡ. ಬೀಳುವ ಮಳೆಯ ಒತ್ತಡ ಅದರ ಮುಂದೆ ಕಡಿಮೆ, ಹಾಗಾಗಿ ಮೇಲಿನ ಹೊದಿಕೆಗೆ 2000 ಧಾರಾಳ ಸಾಕು. ಸಮಸ್ಯೆ ಇರುವುದು ನೆಲದ ಬಟ್ಟೆಗೆ. 60 ಕಿಲೋ ತೂಕದವರು ಮಂಡಿಯೂರಿದರೆ ಆ ಭಾರವೆಲ್ಲ ಎರಡು ಮಂಡಿಯ ಸುಮಾರು 100 ಚದರ ಸೆಂ.ಮೀ. ಮೇಲೆ ಬೀಳುತ್ತದೆ, ಅಂದರೆ 6000 ಮಿ.ಮೀ. ನೀರಿನ ಒತ್ತಡ. ಒದ್ದೆ ನೆಲದ ಮೇಲೆ 3000ದ ಬಟ್ಟೆಯಲ್ಲಿ ಮಂಡಿ ಊರಿದ ಕಡೆ ಪಸೆ ಬರುವುದು ಇದಕ್ಕೇ. ಅದೇ ಮನುಷ್ಯ ಮಲಗಿದರೆ ಭಾರ ಹರಡಿಕೊಂಡು ಕೆಲವು ನೂರು ಮಿ.ಮೀ.ಗೆ ಇಳಿಯುತ್ತದೆ. ನೆಲಕ್ಕೆ 3000 ಇರುವುದನ್ನು ತಗೊಂಡು ಒಳಗೆ ಒಂದು ದಪ್ಪ ಚಾಪೆ ಹಾಸಿದರೆ ತೊಂದರೆಯಿಲ್ಲ. ಇನ್ನೂ ಮುಖ್ಯವಾದದ್ದು, ನೆಲದ ಬಟ್ಟೆ ಸುತ್ತಲೂ 10-15 ಸೆಂ.ಮೀ. ಮೇಲಕ್ಕೆ ಮಡಚಿ ಗೋಡೆಗೆ ಹೊಲಿದಿರಬೇಕು. ಹೊಲಿಗೆ ನೆಲಮಟ್ಟದಲ್ಲೇ ಇದ್ದರೆ ಹರಿಯುವ ನೀರು ಅಲ್ಲಿಂದಲೇ ನುಗ್ಗುತ್ತದೆ, ಇಂಬಳವೂ ಅಲ್ಲಿಂದಲೇ ದಾರಿ ಹುಡುಕುತ್ತದೆ.

ಮಿ.ಮೀ.ಗಿಂತ ನಾನು ಹೆಚ್ಚು ಬೆಲೆ ಕೊಡುವುದು ಹೊದಿಕೆ ಎಲ್ಲಿಯವರೆಗೆ ಇಳಿದಿದೆ ಅನ್ನುವುದಕ್ಕೆ. ನೆತ್ತಿಗೆ ಟೋಪಿ ಇಟ್ಟ ಹಾಗೆ ಅರ್ಧಕ್ಕೇ ನಿಲ್ಲುವ ಹೊದಿಕೆ ಮಲೆನಾಡಿನ ಓರೆಮಳೆಗೆ ಏನೂ ಪ್ರಯೋಜನವಿಲ್ಲ. ಹೊರ ಹೊದಿಕೆ ನೆಲದಿಂದ ಒಂದು ಗೇಣಿನೊಳಗೆ ಇಳಿಯಬೇಕು, ಒಳಗಿನ ಟೆಂಟಿಗೆ ಎಲ್ಲೂ ತಾಗಬಾರದು. ಬಾಗಿಲ ಮುಂದೆ ಚಪ್ಪಲಿ, ಬಕೆಟ್ ಇಡುವಷ್ಟು ಚಾಚು ಇದ್ದರೆ ಒಳ್ಳೆಯದು. ಬಟ್ಟೆ ಪಾಲಿಯೆಸ್ಟರ್ ಇರಲಿ. ನೈಲಾನ್ ಹಗುರ, ಆದರೆ ನೆನೆದಾಗ ಹಿಗ್ಗಿ ಜೋಲುತ್ತದೆ. ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ತೂಕದ ಚಿಂತೆಯಿಲ್ಲದವರು ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಧಾರವಾಡದಾಂವ:

ಜಂಬಿಟ್ಟಿಗೆ ಅವರು ಹೇಳಿದ್ದು ಖರೆ ಅದ. ಆದ್ರ ಸಣ್ಣ ಹುಡುಗ್ರನ್ನ ಕರ್ಕೊಂಡು ಹೋಗೋರಿಗೆ ನಿಂತು ಅರಿವಿ ಬದಲಿಸೋವಷ್ಟು ಎತ್ತರ ಇದ್ರ ಭಾಳ ಅನುಕೂಲ, ಅದನ್ನ ಹಗುರ ತಗೋಬ್ಯಾಡ್ರಿ. ಡೆಕಾಥ್ಲಾನ್ ಅಂಗಡಿಯ ಕ್ವೆಚುವಾ ಬ್ರ್ಯಾಂಡಿನ 4.1 ಥರದ ಟನಲ್ ಟೆಂಟಿನೊಳಗ, ಅಂದ್ರ ನಾಕು ಮಂದಿ ಒಂದು ಖೋಲಿ, ಖೋಲಿ ಮುಂದ ನಿಲ್ಲೋ ಜಾಗಾ ಇರ್ತದ. ದಾಂಡೇಲಿ ಕಡೆ ಹೊಳಿ ಮಗ್ಗಲದ ಮೆತ್ತನ ಮಣ್ಣೊಳಗ ಗೂಟ ಛಲೋ ಹಿಡೀತಾವ, ಅಲ್ಲಿ ಟನಲ್ ಆದ್ರೂ ನಡೀತದ. ಮಳ್ಯಾಗ ಹಾಕೋ ಪ್ರಸಂಗ ಬಂದ್ರ ಟನಲ್‌ಗೆ ಇನ್ನೊಂದು ಲಾಭ ಅದ: ಹೊರಗಿನ ಹೊದಿಕಿ ಮೊದಲ ನಿಲ್ತದ, ಒಳಗಿನ ಖೋಲಿ ಆಮ್ಯಾಲೆ ತೂಗುಹಾಕೋದು, ಹಿಂಗಾಗಿ ಒಳಗ ಒಣಗೇ ಉಳೀತದ. ಡೋಮಿನೊಳಗ ಬಹಳಷ್ಟು ಉಲ್ಟಾ, ಒಳಗಿಂದು ಮೊದಲು, ಹೊದಿಕಿ ಆಮ್ಯಾಲೆ. ಅಷ್ಟರೊಳಗ ಒಳಗೆಲ್ಲಾ ಹಸಿ.

ಆದ್ರೂ ನಿಮ್ಮ ಗಾಡಿಗೆ ಡೋಮೇ ಬರೋಬ್ಬರಿ. ವ್ಯಾಗನ್-ಆರ್ ಡಿಕ್ಕಿ 341 ಲೀಟರ್. ಹಿಂದಿನ ಸೀಟಿನ ಮ್ಯಾಲೆ ಹುಡುಗ್ರು ಕೂಡ್ತಾರ, ಅದನ್ನ ಮಡಚಲಿಕ್ಕೆ ಬರಂಗಿಲ್ಲ. ನಾಕು ಹಾಸಿಗಿ, ಒಲಿ, ಪಾತ್ರೆ, ನೀರು ಎಲ್ಲಾ ಅದರಾಗ ಹಿಡೀಬೇಕು. ದೊಡ್ಡ ಟೆಂಟಿನ ಚೀಲ ಒಂದೇ ಅರ್ಧ ಜಾಗಾ ತಿಂತದ. ತಗೊಳ್ಳೋಕಿಂತ ಮೊದಲ ಚೀಲದ ಉದ್ದ ನೋಡ್ರಿ, ಡಿಕ್ಕಿ ಅಡ್ಡಕ್ಕ ಟೇಪ್ ಹಿಡದು ಅಳೀರಿ. ಪೋಲ್ ತುಂಡು ಎಷ್ಟು ಉದ್ದ ಇರ್ತಾವೋ ಚೀಲ ಅಷ್ಟಕ್ಕಿಂತ ಸಣ್ಣದಾಗಂಗಿಲ್ಲ.

ನಿಲ್ಲೋ ಜಾಗಾ ಬೇಕಂದ್ರ ಒಂದು ತಾಡಪತ್ರಿ ತಗೋರಿ, 12 × 15 ಫೂಟಿಂದು, ಅಂಚಿಗೆ ಕಣ್ಣು ಹೊಡದದ್ದು. ಒಂದು ಉದ್ದನೆ ಬದಿಯನ್ನ ಕಾರಿನ ಟಾಪಿನ ಮ್ಯಾಲಿಂದ ಹಾಯಿಸಿ ಆ ಕಡಿ ಎರಡೂ ಚಕ್ರಕ್ಕ ಕಟ್ರಿ, ಇನ್ನೊಂದು ಬದಿ ಏಳು ಫೂಟಿನ ಎರಡು ಬಿದಿರಿನ ಗಳದ ಮ್ಯಾಲೆ ಎತ್ರಿ. ಟಾಪಿನ ಮ್ಯಾಲೆ ಹಳೇ ಚಾದರ ಹಾಸ್ರಿ, ಇಲ್ಲಾಂದ್ರ ಪೇಂಟಿಗೆ ಗೀರು ಬೀಳ್ತಾವ. ಎರಡು ಗಳ ಸಮ ಇಡಬ್ಯಾಡ್ರಿ, ಒಂದನ್ನ ಒಂದೂವರಿ ಫೂಟು ಇಳಸ್ರಿ. ಸಮ ಇಟ್ರ ನಡುವ ನೀರು ನಿಂತು ಕೊಡದಂಗ ಜೋತು ಬೀಳ್ತದ, ಕಣ್ಣು ಕಿತ್ತು ಹೋಗ್ತಾವ. ಮಳಿ ಇದ್ದಾಗ ಮೊದಲ ತಾಡಪತ್ರಿ ಕಟ್ಟಿ ಅದರ ಕೆಳಗ ಡೋಮ್ ಎಬ್ಬಸ್ರಿ, ಹಸಿ ಆಗೋ ಪ್ರಶ್ನೆನೇ ಇಲ್ಲ.

ಗೂಟದ ಬಗ್ಗೆ: ಟೆಂಟಿನ ಜೋಡಿ ಬಂದದ್ದನ್ನ ಮನ್ಯಾಗ ಇಟ್ಟು, ಹಾರ್ಡ್‌ವೇರ್ ಅಂಗಡ್ಯಾಗ 8 ಇಂಚಿನ ಕಬ್ಬಿಣದ ಮೊಳಿ 15-20 ತಗೋರಿ, ಒಂದೊಂದಕ್ಕ ಅಗಲ ವಾಷರ್ ಹಾಕ್ರಿ. ಒಂದು ಕಿಲೋ ಸುತ್ತಿಗಿ ಇರಲಿ. ಗಟ್ಟಿ ಕೆಂಪು ನೆಲದೊಳಗ ಇವು ಬಾಗಂಗಿಲ್ಲ. ಗೂಟದ ತಲಿ ಟೆಂಟಿನಿಂದ ಹೊರಗ ವಾಲಬೇಕು, ಹಗ್ಗಕ್ಕೂ ಗೂಟಕ್ಕೂ ಸುಮಾರು ಮೂಲಿಮಟ್ಟ ಇರಬೇಕು. ಮೊಳಿ ತಲಿಗೆ ಕೆಂಪು ಬಣ್ಣ ಬಳೀರಿ, ಹುಡುಗ್ರು ಬರಿಗಾಲಿನ್ಯಾಗ ಓಡಾಡ್ತಾವ. ಹೊರಡೋವಾಗ ಎಣಿಸಿ ತಗೋರಿ, ಒಂದು ಉಳದ್ರೂ ಯಾರದಾರ ಟೈರಿಗೋ ದನದ ಕಾಲಿಗೋ ಹೋಗ್ತದ.

ಕಾಳಿ ಹೊಳಿ ದಂಡಿಗೆ ಹೋದ್ರ ನೀರಿನ ಮಟ್ಟಕ್ಕ ಟೆಂಟ್ ಹಾಕಬ್ಯಾಡ್ರಿ. ಮ್ಯಾಲೆ ಸೂಪಾ ಡ್ಯಾಮಿನಿಂದ ನೀರು ಬಿಟ್ರ ಹೊಳಿ ಏರ್ತದ, ಮಳಿ ಬೀಳಬೇಕು ಅಂತೇನಿಲ್ಲ. ಕಲ್ಲಿನ ಮ್ಯಾಲೆ ಹಸಿ ಗೆರಿ ಎಲ್ಲೀತನಕ ಅದ ನೋಡಿ ಅದಕ್ಕಿಂತ ಭಾಳ ಮ್ಯಾಲೆ ಇರ್ರಿ. ಇಳಿಜಾರಿದ್ರ ಕಾರು ಟೆಂಟಿನ ಮ್ಯಾಲಿನ ಕಡಿ ನಿಲ್ಲಸಲೇಬ್ಯಾಡ್ರಿ. ಗೇರಿನ್ಯಾಗ ಇದ್ರೂ, ಹ್ಯಾಂಡ್‌ಬ್ರೇಕ್ ಹಾಕಿದ್ರೂ ಬ್ಯಾಡ.

ಹೊಳೆದಂಡೆ:

ಇಬ್ಬರಿಗೂ ಧನ್ಯವಾದ. ಹಾಗಾದರೆ ಡೋಮ್ ಮತ್ತು ತಾಡಪಾಲು ಅಂತ ಆಯ್ತು. ಇನ್ನೂ ಮೂರು ಅನುಮಾನ. ಬಿಚ್ಚಿ ಎಸೆದರೆ ತಾನೇ ಅರಳುವ ಪಾಪ್-ಅಪ್ ಟೆಂಟ್ ಸಂಜೆ ಬೇಗ ಹಾಕಲು ಒಳ್ಳೆಯದಲ್ಲವೇ? ಕಾರಿನ ಟಾಪ್ ಮೇಲೆ ಕಟ್ಟುವ ಟೆಂಟ್ ಸಣ್ಣ ಕಾರಿಗೆ ಆಗುತ್ತಾ? ಬೀಚಿನ ಮರಳಿನಲ್ಲಿ ಈ 8 ಇಂಚಿನ ಮೊಳೆ ಹಿಡಿಯುತ್ತಾ?

ಪಡುಗಾಳಿ:

ಹೊಯಿಗೆಯಲ್ಲಿ ಮೊಳೆ ಹಿಡಿಯುವುದಿಲ್ಲ ಮಾರಾಯ್ರೆ, ಎಷ್ಟು ಉದ್ದದ್ದಾದರೂ. ಬಟ್ಟೆ ಚೀಲವೋ ಗೋಣಿಯ ತುಂಡೋ ತಗೊಂಡು ಹೊಯಿಗೆ ತುಂಬಿಸಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕೈಯಷ್ಟು ಆಳ ಗುಂಡಿ ತೋಡಿ ಹೂತುಬಿಡಿ. ಮೇಲೆ ಹೊಯಿಗೆ ಮುಚ್ಚಿ ತುಳಿದು ಗಟ್ಟಿ ಮಾಡಿ. ನಾಲ್ಕು ಮೂಲೆಗೆ ನಾಲ್ಕು, ಗಾಳಿಯ ಕಡೆಗೆ ಇನ್ನೆರಡು. ಪ್ಲಾಸ್ಟಿಕ್ ತೊಟ್ಟೆ ಬೇಡ, ಹರಿದು ಅಲ್ಲೇ ಉಳಿಯುತ್ತದೆ.

ಗಾಳಿಯ ವಿಚಾರದಲ್ಲಿ ಒಳನಾಡಿನವರಿಗೆ ತಿಳಿಯದ್ದು ಒಂದಿದೆ. ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ಕಳೆದ ಹಾಗೆ ತಿರುಗಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಸಂಜೆಯ ಗಾಳಿ ನೋಡಿ ಒಂದೇ ಬದಿಯ ಹಗ್ಗ ಬಿಗಿದರೆ ಸಾಲದು, ಎರಡೂ ಬದಿ ಬಿಗಿಯಬೇಕು. ಎರಡು ಬಾಗಿಲಿರುವ ಟೆಂಟ್ ಸಿಕ್ಕಿದರೆ ಕರಾವಳಿಗೆ ಅದೇ ಸೈ, ಎದುರುಬದುರು ತೆರೆದಿಟ್ಟರೆ ಗಾಳಿ ಹಾಯುತ್ತದೆ. ಏಪ್ರಿಲ್ ತಿಂಗಳ ಸೆಕೆಗೆ ಒಳಗಿನ ಗೋಡೆ ಪೂರ್ತಿ ಬಟ್ಟೆಯದ್ದಾದರೆ ಮಕ್ಕಳು ನಿದ್ದೆ ಮಾಡಲಿಕ್ಕಿಲ್ಲ. ಮೇಲಿನ ಅರ್ಧವಾದರೂ ಬಲೆ ಇರಬೇಕು. ಬಲೆಯ ಕಣ್ಣು ಸಣ್ಣದಿರಲಿ, ಸೊಳ್ಳೆಯನ್ನು ತಡೆದ ಬಲೆಯಲ್ಲಿ ನುಸಿ ಸಲೀಸಾಗಿ ನುಗ್ಗುತ್ತದೆ.

ಕಪ್ಪು ಲೇಪನ ಇರುವ ಟೆಂಟುಗಳು ಬಂದಿವೆ, ಡೆಕಾಥ್ಲಾನಿನಲ್ಲಿ ಫ್ರೆಶ್ ಅಂಡ್ ಬ್ಲ್ಯಾಕ್ ಅನ್ನುತ್ತಾರೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೂ ಒಳಗೆ ಕತ್ತಲೂ ತಂಪೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬಟ್ಟೆ ದಪ್ಪ, ಮಡಚಿದಾಗ ಚೀಲವೂ ದಪ್ಪ. ಬೆಳಗ್ಗೆ ಏಳಕ್ಕೆ ಎದ್ದು ಬಿಚ್ಚಿಕೊಂಡು ಹೊರಡುವವರಿಗೆ ಅದಕ್ಕೆ ಹೆಚ್ಚು ಹಣ ಕೊಡುವುದು ದಂಡ. ಮಧ್ಯಾಹ್ನವೂ ಮಕ್ಕಳನ್ನು ಮಲಗಿಸುವುದಿದ್ದರೆ ಮಾತ್ರ ಯೋಚಿಸಿ.

ಪಾಪ್-ಅಪ್ ಹಾಕಲಿಕ್ಕೆ ಬೇಗ ಹೌದು. ಆದರೆ ಮಡಚಿದಾಗ ಅದು ಚಪ್ಪಟೆ ಚಕ್ರ, ಎರಡು-ಮೂರು ಜನರದ್ದೇ 65ರಿಂದ 80 ಸೆಂ.ಮೀ. ಅಗಲ ಬರುತ್ತದೆ. ನಾಲ್ಕು ಜನರದ್ದು ಇನ್ನೂ ದೊಡ್ಡದು. ಡಿಕ್ಕಿಯಲ್ಲಿ ಅದನ್ನು ನಿಲ್ಲಿಸಿದರೆ ಬೇರೆ ಸಾಮಾನಿಗೆ ಜಾಗ ಕೆಡುತ್ತದೆ. ಎಂಟರ ಆಕಾರಕ್ಕೆ ತಿರುಚಿ ಮಡಚುವ ವಿದ್ಯೆ ಮನೆಯಲ್ಲೇ ಕಲಿತಿರಬೇಕು, ಬಲವಂತ ಮಾಡಿದರೆ ಒಳಗಿನ ಬಳೆ ಮುರಿಯುತ್ತದೆ. ಮುರಿದರೆ ಬದಲಿ ಸಿಗುವುದು ಕಷ್ಟ, ಡೋಮಿನ ಪೋಲಿನ ಹಾಗೆ ಒಂದು ತುಂಡು ತೆಗೆದು ಇನ್ನೊಂದು ಹಾಕಲಿಕ್ಕೆ ಬರುವುದಿಲ್ಲ. ಬೆಳಕು ಇರುವಾಗ ತಲುಪಿದರೆ ಸಾಮಾನ್ಯ ಡೋಮ್ ಇಬ್ಬರು ಸೇರಿ 15 ನಿಮಿಷದಲ್ಲಿ ಹಾಕಬಹುದು.

ತೆಂಗಿನ ಮರದ ಬುಡದಲ್ಲಿ ಟೆಂಟ್ ಹಾಕಲೇಬೇಡಿ, ಕಾಯಿ ಮಾತ್ರವಲ್ಲ, ಒಣಗಿದ ಮಡಲು ಬಿದ್ದರೂ ಪೋಲ್ ಮುರಿಯುತ್ತದೆ. ಉಬ್ಬರದ ಗುರುತು ನೋಡಿ, ಕಸಕಡ್ಡಿ ಸಾಲಾಗಿ ನಿಂತ ಗೆರೆಗಿಂತ ಸಾಕಷ್ಟು ಮೇಲೆ ಇರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ಉತ್ತರ ಕನ್ನಡದ ಕಡಲ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹೊನ್ನಾವರದ ಕಾಸರಕೋಡಿನಂಥ ಜಾಗದಲ್ಲಿ ತೀರದಲ್ಲೇ ಟೆಂಟ್ ಹಾಕಿ ದೊಡ್ಡ ಲೈಟು ಉರಿಸಬೇಡಿ, ಬೆಳಕಿಗೆ ಅವು ದಿಕ್ಕು ತಪ್ಪುತ್ತವೆ. ಹಿಂದಿನ ಹೋಂಸ್ಟೇ ಅಂಗಳವೇ ಒಳ್ಳೆಯದು, ಕಕ್ಕಸು, ಸಿಹಿನೀರು ಅಲ್ಲೇ ಸಿಗುತ್ತದೆ. ಆ ಸಿಹಿನೀರಿನಲ್ಲಿ ಪೋಲು, ಜಿಪ್ಪು ತೊಳೆದೇ ಹೊರಡಿ. ಜಿಪ್ಪಿನಲ್ಲಿ ಸೇರಿದ ಹೊಯಿಗೆ ಅದರ ಎಳೆಯುವ ಗುಂಡಿಯನ್ನು ತೇಯುತ್ತದೆ. ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಒಣಗಿದ ಮೇಲೆ ಮೇಣದಬತ್ತಿ ಸವರಿ.

ಜಂಬಿಟ್ಟಿಗೆ:

ಟಾಪ್ ಮೇಲಿನ ಟೆಂಟಿನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಆ ಟೆಂಟುಗಳ ತೂಕವೇ ಸಾಮಾನ್ಯವಾಗಿ 50-70 ಕಿಲೋ, ಕ್ಯಾರಿಯರಿನ ತೂಕ ಬೇರೆ. ಕಾರಿನ ಮ್ಯಾನ್ಯುಯಲ್‌ನಲ್ಲಿ ಟಾಪ್ ಎಷ್ಟು ಭಾರ ಹೊರಬಹುದು ಅಂತ ಬರೆದಿರುವುದು ಗಾಡಿ ಓಡುವಾಗಿನ ಲೆಕ್ಕ. ನಿಂತಾಗ ಅದಕ್ಕಿಂತ ಹೆಚ್ಚು ತಾಳುತ್ತದೆ. ಆದರೆ ನಿಮಗೆ ಘಾಟಿಯ ತಿರುವುಗಳಿವೆ. ಎತ್ತರದ, ಕಿರಿದಾದ ಕಾರಿನ ನೆತ್ತಿಯ ಮೇಲೆ 70 ಕಿಲೋ ಇಟ್ಟರೆ ಗಾಡಿ ತಿರುವಿನಲ್ಲಿ ವಾಲುವ ರೀತಿಯೇ ಬೇರೆ. ಎಷ್ಟೋ ಗಾಡಿಗಳ ರೂಫ್ ರೈಲ್ ಬರೀ ಅಲಂಕಾರಕ್ಕೆ ಅಂಟಿಸಿದ್ದು. ಐದು ವರ್ಷದ ಮಗು ರಾತ್ರಿ ಏಣಿ ಇಳಿಯಬೇಕು ಅನ್ನುವುದನ್ನೂ ಯೋಚಿಸಿ. ಬೆಲೆಯೂ ನಿಮ್ಮ ಬಜೆಟ್ಟಿನ ಹತ್ತಿರಕ್ಕೆ ಬರುವುದಿಲ್ಲ.

ಕೇಳದಿದ್ದರೂ ಹೇಳಬೇಕಾದದ್ದು ಮಂಗನ ಕಾಯಿಲೆಯ ಬಗ್ಗೆ. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆ ಹುಳುವಿನ ಕಡಿತದಿಂದ ಬರುತ್ತದೆ. ಅದರ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವೆಲ್ಲ ಟೆಂಟ್ ಹಿಡಿದು ಹೊರಡುವ ಕಾಲವೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮೂರೂ ಕಡೆ ಪ್ರಕರಣಗಳು ಬರುತ್ತವೆ. ಒಣ ತರಗೆಲೆಯ ಮೇಲೆ ಟೆಂಟ್ ಹಾಕಬೇಡಿ, ಗುಡಿಸಿದ ಬರಿನೆಲವೋ ಕಣವೋ ಆಗಲಿ. ನೆಲ ಹೊಲಿಯದ, ಬುಡ ತೆರೆದ ಟೆಂಟ್ ಮಲೆನಾಡಿಗೆ ಬೇಡವೇ ಬೇಡ. ಒಳಗೆ ಹೋಗುವ ಮೊದಲು ಮಕ್ಕಳ ಕಾಲು, ಮಂಡಿಯ ಹಿಂಭಾಗ, ಸೊಂಟ ನೋಡಿ. ಹೊರಗೆ ನೆಲದ ಮೇಲೆ ಬಿದ್ದಿದ್ದ ಬಟ್ಟೆ, ಹೊದಿಕೆಯನ್ನು ಒಳಗೆ ಒಯ್ಯಬೇಡಿ. ಸತ್ತ ಮಂಗ ಕಂಡ ಜಾಗದಲ್ಲಿ ಉಳಿಯಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಲೆನಾಡಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯವರು ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳಲು ಡೇಪಾ ಎಣ್ಣೆ ಹಂಚುತ್ತಾರೆ, ಹೋಂಸ್ಟೇಯವರನ್ನು ಕೇಳಿ. ಹೋಗಿ ಬಂದ ಮೇಲೆ ಜೋರು ಜ್ವರ ಬಂದರೆ ಎಲ್ಲಿ ಉಳಿದಿದ್ದಿರಿ ಅನ್ನುವುದನ್ನು ವೈದ್ಯರಿಗೆ ಹೇಳುವುದು ಮುಖ್ಯ.

ಸಕಲೇಶಪುರ, ಆಲೂರು, ವಿರಾಜಪೇಟೆ ಕಡೆಗೂ ಹೋಗುವುದಿದ್ದರೆ ಆನೆ ಓಡಾಡುವ ದಾರಿ ಯಾವುದು ಅಂತ ಎಸ್ಟೇಟಿನವರನ್ನು ಕೇಳಿ, ಮನೆಗೆ ಅಂಟಿಕೊಂಡೇ ಟೆಂಟ್ ಹಾಕಿ. ಬಾಳೆಹಣ್ಣು, ಹಲಸು, ಬೆಲ್ಲ, ಉಪ್ಪು ಟೆಂಟಿನಲ್ಲೂ ಬೇಡ, ಕಾರಿನಲ್ಲೂ ಬೇಡ, ಮನೆಯೊಳಗೆ ಕೊಟ್ಟುಬಿಡಿ. ಅಭಯಾರಣ್ಯದೊಳಗೂ ಮೀಸಲು ಅರಣ್ಯದಲ್ಲೂ ಇಲಾಖೆಯ ಅನುಮತಿಯಿಲ್ಲದೆ ಉಳಿಯುವಂತಿಲ್ಲ. ರಸ್ತೆ ಬದಿ ಚೆನ್ನಾಗಿ ಕಂಡ ಜಾಗವೆಲ್ಲ ಟೆಂಟಿನ ಜಾಗವಲ್ಲ.

ಒಲೆ, ಕೆಂಡದ ಸಿಗಡಿ, ಗ್ಯಾಸ್ ಯಾವುದನ್ನೂ ಟೆಂಟಿನ ಒಳಗೂ ಚಾಚಿನ ಕೆಳಗೂ ಉರಿಸಬೇಡಿ. ಬಟ್ಟೆ ಹೊತ್ತಿಕೊಳ್ಳುವುದು ಒಂದು ಅಪಾಯವಾದರೆ, ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ಎಸಿಗಾಗಿಯೋ ಫೋನ್ ಚಾರ್ಜಿಗಾಗಿಯೋ ಕಾರಿನ ಎಂಜಿನ್ ಟೆಂಟಿನ ಪಕ್ಕದಲ್ಲಿ ಓಡುತ್ತಿರುವುದೂ ಅಷ್ಟೇ ಅಪಾಯ. ಸಿಡಿಲು ಹತ್ತಿರ ಬಂದರೆ ನಾಲ್ವರೂ ಕಾರಿನೊಳಗೆ ಹೋಗಿ ಗಾಜು ಏರಿಸಿ ಕೂರಿ, ಒಳಗಿನ ಲೋಹದ ಭಾಗ ಮುಟ್ಟಬೇಡಿ. ಟೆಂಟ್ ಸಿಡಿಲಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಹೊಳೆದಂಡೆ:

ಮಂಗನ ಕಾಯಿಲೆ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯ್ತು, ತಲೆಯಲ್ಲೇ ಇರಲಿಲ್ಲ. ಕೊನೆಯದಾಗಿ: ಅಂಗಡಿಯಲ್ಲಿ ಏನೇನು ಪರೀಕ್ಷಿಸಬೇಕು? ಪರಿಚಯದವರೊಬ್ಬರು ಆರು ಜನರ ಡೋಮ್ ಒಂದನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ, ನಾಲ್ಕು ವರ್ಷ ಹಳೆಯದು, ಬಹಳ ಬಳಸಿಲ್ಲವಂತೆ.

ಹೊಲಿಗೆಯಂಗಡಿ:

"ಬಹಳ ಬಳಸಿಲ್ಲ" ಅನ್ನುವುದೇ ಹಳೆ ಟೆಂಟಿನಲ್ಲಿ ಅನುಮಾನಕ್ಕೆ ಎಡೆಮಾಡುವ ಮಾತು. ಬಟ್ಟೆಯ ಒಳಮೈಗೆ ನೀರು ತಡೆಯಲು ಹಚ್ಚಿರುವ ಪಿಯು (ಪಾಲಿಯುರೆಥೇನ್) ಲೇಪನ ತೇವ ಮತ್ತು ಶಾಖ ಸೇರಿದರೆ ತಾನಾಗಿಯೇ ಒಡೆಯುತ್ತದೆ. ಒಮ್ಮೆ ಒದ್ದೆ ಮಡಚಿಟ್ಟು ಮೂರು ಮಳೆಗಾಲ ಅಟ್ಟದ ಮೇಲಿದ್ದ ಟೆಂಟಿಗಿಂತ, ಮೇಲಿಂದ ಮೇಲೆ ಬಳಸಿ ಪ್ರತಿ ಸಲವೂ ಒಣಗಿಸಿಟ್ಟದ್ದು ಗಟ್ಟಿ. ಬಿಚ್ಚಿ ಮೂಸಿ ನೋಡಿ: ಹುಳಿ ವಾಂತಿಯಂಥ ವಾಸನೆ ಇದ್ದರೆ ಬೇಡ. ಹೊದಿಕೆಯ ಒಳಮೈಯನ್ನು ಅದಕ್ಕೇ ತಾಗಿಸಿ ಒತ್ತಿ ಹಿಡಿದು ಬಿಡಿಸಿ, ಅಂಟಿಕೊಂಡರೆ ಬೇಡ. ಉಗುರಿನಲ್ಲಿ ಕೆರೆದಾಗ ಬಿಳಿ ಹೊಟ್ಟು ಉದುರಿದರೂ ಬೇಡ. ಆರು ಜನರ ಟೆಂಟಿನ ಅಷ್ಟು ಬಟ್ಟೆಗೆ ಲೇಪನ ಮತ್ತೆ ಹಚ್ಚುವುದು ಹೊಸ ಟೆಂಟಿನ ಖರ್ಚಿಗೆ ಹತ್ತಿರ ಹೋಗುತ್ತದೆ. ಬರೀ ಬೂಷ್ಟು ಚುಕ್ಕೆ ಇದ್ದು ಅಂಟು, ವಾಸನೆ ಇಲ್ಲದಿದ್ದರೆ ತಗೊಳ್ಳಬಹುದು. ಚುಕ್ಕೆ ಪೂರ್ತಿ ಹೋಗುವುದಿಲ್ಲ, ಆದರೆ ಸೋರುವುದಿಲ್ಲ.

ಅಂಗಡಿಯಲ್ಲಿ ಹೊಸದನ್ನು ನೋಡುವಾಗ ಹೊದಿಕೆಯನ್ನು ಒಳಮೈ ಹೊರಗೆ ಮಾಡಿ ಬೆಳಕಿಗೆ ಹಿಡಿಯಿರಿ. ಎಲ್ಲ ಹೊಲಿಗೆಯ ಮೇಲೂ ಅಗಲದ ಪಾರದರ್ಶಕ ಟೇಪು ಓಡಿರಬೇಕು. ಮೂರು ಹೊಲಿಗೆ ಸೇರುವ ಮೂಲೆ, ಹಗ್ಗ ಕಟ್ಟುವ ಕಿವಿ ಹೊಲಿದಿರುವ ಜಾಗ, ಇವೆರಡರಲ್ಲೇ ಟೇಪು ಬಿಟ್ಟುಹೋಗಿರುತ್ತದೆ, ಸೋರುವುದೂ ಅಲ್ಲೇ. ಬೀದಿಬದಿಯಲ್ಲಿ ಮಾರುವ ಒಂದೇ ಪದರದ ಅಗ್ಗದ ಟೆಂಟುಗಳಲ್ಲಿ ಟೇಪೇ ಇರುವುದಿಲ್ಲ. ಜಿಪ್ಪನ್ನು ಒಂದೇ ಕೈಯಲ್ಲಿ ತಿರುವಿನಲ್ಲಿ ಎಳೆದು ನೋಡಿ, ಪಕ್ಕದ ಬಟ್ಟೆ ಕಚ್ಚಿಕೊಳ್ಳುತ್ತದೆಯೇ ಅಂತ. ಕಚ್ಚಿದರೆ ಕತ್ತಲಲ್ಲಿ ಮಕ್ಕಳು ಎಳೆದು ಹರಿಯುತ್ತಾರೆ. ಜಿಪ್ ಹಾಕಿದ ಮೇಲೂ ಹಿಂದೆ ಬಾಯಿ ಬಿಡುತ್ತಿದ್ದರೆ ಗುಂಡಿ ಸಡಿಲವಾಗಿದೆ ಅಂತ ಅರ್ಥ, ಇಕ್ಕಳದಲ್ಲಿ ಎರಡೂ ಬದಿ ಒಂದಿಷ್ಟೇ ಒತ್ತಿದರೆ ಸರಿಹೋಗುತ್ತದೆ. ಜೋರಾಗಿ ಒತ್ತಿದರೆ ಒಡೆಯುತ್ತದೆ.

ನಿಮ್ಮ ಬೆಲೆಯಲ್ಲಿ ಬರುವುದು ಹೆಚ್ಚಾಗಿ ಫೈಬರ್ ಪೋಲ್. ಅದು ಕೆಟ್ಟದ್ದೇನಲ್ಲ, ಆದರೆ ಒಂದು ತುಂಡು ಇನ್ನೊಂದಕ್ಕೆ ಸೇರುವ ಲೋಹದ ಬಳೆಯ ಹತ್ತಿರ ಉದ್ದಕ್ಕೆ ಸೀಳುತ್ತದೆ. ತುಂಡುಗಳನ್ನು ಪೂರ್ತಿ ಕೂರಿಸದೆ ಬಗ್ಗಿಸಿದರೆ ಹೀಗಾಗುತ್ತದೆ. ಬಟ್ಟೆಯ ತೋಳಿನಲ್ಲಿ ಪೋಲನ್ನು ತಳ್ಳಬೇಕು, ಎಳೆಯಬಾರದು. ಎಳೆದರೆ ಒಳಗೇ ಕಳಚಿಕೊಳ್ಳುತ್ತದೆ. ಸೀಳಿದ ಫೈಬರನ್ನು ಬರಿಗೈಯಲ್ಲಿ ಹಿಡಿಯಬೇಡಿ, ಕಣ್ಣಿಗೆ ಕಾಣದ ಸಿಬಿರು ಚುಚ್ಚುತ್ತದೆ. ಪೋಲಿಗಿಂತ ಸ್ವಲ್ಪವೇ ದಪ್ಪನೆಯ, 12 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಪೈಪಿನ ತುಂಡು ಚೀಲದಲ್ಲಿರಲಿ. ಸೀಳಿನ ಮೇಲೆ ಅದನ್ನು ಸರಿಸಿ ಎರಡೂ ಕಡೆ ಇನ್ಸುಲೇಷನ್ ಟೇಪ್ ಸುತ್ತಿದರೆ ಆ ರಾತ್ರಿ ಕಳೆಯುತ್ತದೆ. ಬದಲಿ ತುಂಡು ತರಿಸುವಾಗ ಪೋಲಿನ ದಪ್ಪ ಮಿ.ಮೀ.ನಲ್ಲಿ, ಒಂದು ತುಂಡಿನ ಉದ್ದ ಸೆಂ.ಮೀ.ನಲ್ಲಿ ಎರಡನ್ನೂ ಕೊಡಿ.

ಹೊರಡುವ ಮುನ್ನ ತಾರಸಿಯ ಮೇಲೆ ಒಮ್ಮೆ ಹಾಕಿ, ಪೈಪಿನಲ್ಲಿ 15-20 ನಿಮಿಷ ಎಲ್ಲ ಕಡೆಯಿಂದ ನೀರು ಹಾಯಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು ನೋಡಲಿ. ಹನಿ ಹೊಲಿಗೆಯ ಗೆರೆಯಲ್ಲಿ ಬಂದರೆ ಅದು ಸೋರಿಕೆ. ಚಳಿಗಾಲದ ಬೆಳಿಗ್ಗೆ ಹೊದಿಕೆಯ ಒಳಮೈ ಪೂರ್ತಿ ಒಂದೇ ಸಮ ಬೆವೆತಿದ್ದರೆ ಅದು ಸೋರಿಕೆಯಲ್ಲ, ನಾಲ್ಕು ಜನರ ಉಸಿರಿನ ನೀರು. ನೆತ್ತಿಯ ಕಿಂಡಿ ತೆರೆದಿಟ್ಟು, ಹೊದಿಕೆಯ ಹಗ್ಗ ಬಿಗಿದು ಒಳಗಿನ ಬಟ್ಟೆಗೆ ತಾಗದಂತೆ ನೋಡಿಕೊಂಡರೆ ಹಾಸಿಗೆ ಒದ್ದೆಯಾಗುವುದಿಲ್ಲ. ಇದನ್ನು ತಿಳಿಯದೆ ಒಳ್ಳೆಯ ಟೆಂಟನ್ನು ವಾಪಸ್ ಕೊಡುವವರು ಎಷ್ಟೋ ಜನ. ಕೆಳಗೆ ಹಾಸುವ ಶೀಟು ಟೆಂಟಿನ ನೆಲಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಲಿ. ಹೊರಗೆ ಚಾಚಿಕೊಂಡರೆ ಹೊದಿಕೆಯಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ಬಿಡುತ್ತದೆ.

ಸೋರುವ ಹೊಲಿಗೆಗೆ ಸೀಮ್ ಸೀಲರ್, ಅಂದರೆ ಹೊಲಿಗೆಯ ತೂತು ಮುಚ್ಚುವ ಅಂಟು, ಹಚ್ಚಬೇಕು. ಪಿಯು ಲೇಪನದ ಬಟ್ಟೆಗೆ ಪಿಯು ಸೀಲರ್, ಸಿಲಿಕೋನ್ ಲೇಪನದ್ದಕ್ಕೆ ಸಿಲಿಕೋನ್ ಸೀಲರ್, ಅದಲುಬದಲಾದರೆ ಹಿಡಿಯುವುದಿಲ್ಲ. ಎಂ-ಸೀಲ್ ಬೇಡ, ಗಟ್ಟಿಯಾಗಿ ಮಡಚಿದ ಕಡೆ ಬಿರಿಯುತ್ತದೆ. ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ತೆಳುವಾಗಿ ಹಚ್ಚಿ, ಒಂದು ರಾತ್ರಿ ಪೂರ್ತಿ ಬಿಡಿ, ಆಮೇಲೆ ಟಾಲ್ಕಂ ಪೌಡರ್ ಉದುರಿಸಿ ಮಡಚಿ. ಮನೆಗೆ ಬಂದ ದಿನವೇ ಟೆಂಟನ್ನು ನೆರಳಲ್ಲಿ ಹರಡಬೇಕು. ಹೊಲಿಗೆಯ ಪಟ್ಟಿ ಮತ್ತು ಪೋಲಿನ ತೋಳು ಕೊನೆಗೆ ಒಣಗುತ್ತವೆ, ಕೈಯಿಟ್ಟು ನೋಡಿಯೇ ಮಡಚಿ. ವಾಷಿಂಗ್ ಮಷೀನಿಗೆ ಹಾಕಬೇಡಿ. ಬಂದ ಚೀಲದಲ್ಲಿ ಬಿಗಿಯಾಗಿ ತುರುಕಿಡುವ ಬದಲು ಹಳೆ ಹತ್ತಿ ಬೆಡ್‌ಶೀಟಿನಲ್ಲಿ ಸಡಿಲ ಗಂಟು ಕಟ್ಟಿ ಬೀರುವಿನ ಮೇಲಿಡಿ. ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ, ದಾವಣಗೆರೆಯ ಬೇಸಿಗೆಗೆ ಅಲ್ಲಿನ ಶಾಖವೇ ಲೇಪನ ಕೆಡಿಸುತ್ತದೆ.